ಸಣ್ಣ ಗುಂಪಿನ ದೊಡ್ಡ ಯಾತ್ರೆ

ಮಿರಜ ತಾಲೂಕಿನ ಆರಗವು ಮಿರಜ–ಪಂಢರಪುರ ರೈಲುಮಾರ್ಗದ ಒಂದು ನಿಲ್ದಾಣವಾಗಿದ್ದು, ಬಾರ್ಸಿ ಲೈಟ್ ರೈಲ್ವೆಯು 1927ರಲ್ಲಿ ಎರಡೂವರೆ ಅಡಿ ಅಗಲದ ಹಳಿಯನ್ನು ಮಿರಜದವರೆಗೆ ತಂದ ಮೇಲೆ ಈ ಗಡಿನಾಡಿನ ಕನ್ನಡ, ಮರಾಠಿ ಭಕ್ತರಿಗೆ ಪಂಢರಪುರದ ವಿಠ್ಠಲನ ದರ್ಶನ ಸುಲಭವಾಯಿತು. ಆದರೂ ಆಷಾಢ ಏಕಾದಶಿಗೆ ಅಲ್ಲಿಗೆ ನಡೆದೇ ಹೋಗುವ ವಾರಿ, ಅಂದರೆ ವರ್ಷವರ್ಷವೂ ನೇಮದಿಂದ ಕೈಗೊಳ್ಳುವ ಪಾದಯಾತ್ರೆ, ನಿಲ್ಲಲಿಲ್ಲ.

ಲಕ್ಷಾಂತರ ಜನರ ಈ ವಾರಿಯು ದಿಂಡಿ ಎಂಬ ಗುಂಪುಗಳಾಗಿ ಸಾಗುತ್ತದೆ. ಪ್ರತಿ ದಿಂಡಿಗೂ ತನ್ನದೇ ಕಾವಿ ಪತಾಕೆ, ತಾಳ, ಮೃದಂಗ, ಅಡುಗೆ ಮತ್ತು ಬಿಡಾರ ಇರುತ್ತವೆ. ಹೆಣ್ಣುಮಕ್ಕಳು ತಲೆಯ ಮೇಲೆ ತುಳಸಿ ಬೃಂದಾವನ ಹೊತ್ತು ನಡೆಯುತ್ತಾರೆ. ವೀಣೆ ಹಿಡಿದವರು ದಣಿದಾಗ ಅದನ್ನು ನೆಲಕ್ಕಿಡದೆ ಮತ್ತೊಬ್ಬರ ಕೊರಳಿಗೆ ಹಾಕುತ್ತಾರೆ.

ಸಾವಿರಾರು ಜನರನ್ನು ಹೊತ್ತು ಭೂಮಧ್ಯ ಸಮುದ್ರದ ಬಂದರಿನಿಂದ ಬಂದರಿಗೆ ಸಾಗುವ ಕ್ರೂಸ್ ಎಂಬ ವಿಹಾರನೌಕೆಯ ಪ್ರವಾಸದಲ್ಲಿಯೂ ದೊಡ್ಡ ಜನಸಂದಣಿಯೊಳಗೆ ಸಣ್ಣ ಗುಂಪಾಗಿ ಸಾಗುವ ಇದೇ ತತ್ತ್ವ ಅಡಗಿದೆ. ರೋಮ್ ನಗರಕ್ಕೆಂದು ಚಿವಿಟವೆಕ್ಕಿಯಾದಲ್ಲಿ, ಅಥೆನ್ಸಿಗೆಂದು ಪಿರೇಯಸ್‌ನಲ್ಲಿ ಹಡಗು ನಿಂತಾಗ, ಹತ್ತು ಹನ್ನೆರಡು ಜನ ಒಗ್ಗೂಡಿ ತಮ್ಮದೇ ವಾಹನವನ್ನೂ ಊರು ಬಲ್ಲ ಮಾರ್ಗದರ್ಶಕರನ್ನೂ ಗೊತ್ತುಮಾಡಿಕೊಂಡರೆ, ಹಿರಿಯರ ಕಾಲಿನ ಬಲಕ್ಕೆ ತಕ್ಕ ನಡಿಗೆಯೂ ಕೇಳಿದ ಪ್ರಶ್ನೆಗೆ ಸಮಾಧಾನದ ಉತ್ತರವೂ ದೊರೆಯುತ್ತವೆ.

ಜನಸಾಗರದಲ್ಲಿ ಮನುಷ್ಯ ಕಳೆದುಹೋಗಬಾರದು, ಒಂಟಿಯೂ ಆಗಬಾರದು ಎಂಬುದನ್ನು ದಿಂಡಿಯು ಶತಮಾನಗಳಿಂದ ಕಲಿಸುತ್ತ ಬಂದಿದೆ. ದಾರಿ ಪಂಢರಪುರದ ಚಂದ್ರಭಾಗಾ ನದಿಯ ತೀರಕ್ಕಿರಲಿ, ದೂರದ ಕಡಲಿಗಿರಲಿ, ಜೊತೆಯವರ ದಣಿವನ್ನು ಅರಿತು ಅವರ ಕೊರಳ ವೀಣೆಯನ್ನು ತನ್ನ ಕೊರಳಿಗೆ ಹಾಕಿಕೊಳ್ಳಬಲ್ಲವನ ಪ್ರಯಾಣವೇ ಯಾತ್ರೆಯಾಗುತ್ತದೆ.