ಮಣ್ಣಿನ ತೇವ ತಿಳಿಸುವ ಸಾಧನ: ಕಟ್ಟುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

(ಬೀದರ ಜಿಲ್ಲೆಯ ರೈತರು ಹಾಗೂ ಗ್ರಾಮೀಣ ಯುವಕರ ತರಬೇತಿಯಲ್ಲಿ ಮಾಡಿದ ಭಾಷಣ)



ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಕರೆಂಟು ಬಂದೊಡನೆ ಮೋಟಾರು ತಾನೇ ಚಾಲೂ ಆಗುತ್ತದೆ. ರಾತ್ರಿ ಹೊಲಕ್ಕೆ ಹೋಗುವ ಕಷ್ಟ ತಪ್ಪುತ್ತದೆ. ಆದರೆ ಆ ಸ್ಟಾರ್ಟರಿಗೆ ಕರೆಂಟು ಬಂದದ್ದು ಮಾತ್ರ ಗೊತ್ತು. ಬೆಳೆಗೆ ನೀರು ಬೇಕೋ ಬೇಡವೋ ಗೊತ್ತಿಲ್ಲ. ಕೊಳವೆ ಬಾವಿಯ ನೀರು ಬೇಡದ ದಿನವೂ ಹರಿದುಹೋಗುತ್ತದೆ. ಎರೆ ಭೂಮಿಯ ಕಡಲೆಗೆ ನೀರು ಹೆಚ್ಚಾದರೆ ಗಿಡ ಸೊಪ್ಪಿಗೇ ಬೆಳೆದು ಕಾಯಿ ಕಡಿಮೆಯಾಗುತ್ತದೆ.

ಮಣ್ಣಿನ ತೇವ ಅಳೆದು ದೀಪದ ಮೂಲಕ ತಿಳಿಸುವ ಸಣ್ಣ ಸಾಧನವನ್ನು ನೀವೇ ಕಟ್ಟಿಕೊಳ್ಳಬಹುದು. ಇದರ ಮಿದುಳು ಆರ್ಡುಯಿನೊ ಎಂಬ ಅಂಗೈಯಗಲದ ಫಲಕ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳ ಕಲಿಕೆಗೆಂದು ಇದು ರೂಪುಗೊಂಡಿತು. ಇದಕ್ಕೆ ಪ್ರೋಗ್ರಾಂ ಬರೆಯುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಮೊದಲು ಕಾಗದ, ಆಮೇಲೆ ಅಂಗಡಿ

ಪ್ರೋಗ್ರಾಂ ಎಂದರೆ ಹೆದರಬೇಡಿ. ನೀರು ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ನಿಮ್ಮ ತೀರ್ಮಾನವೇ ಪ್ರೋಗ್ರಾಂ. ಅದನ್ನು ಮೊದಲು ಕನ್ನಡದಲ್ಲಿ ಬರೆದಿಡಿ: "ಮಣ್ಣು ಒಣಗಿದ ಗುರುತು ದಾಟಿದರೆ ದೀಪ ಹತ್ತಲಿ, ಸಾಕಷ್ಟು ತೇವವಾದ ಗುರುತಿಗೆ ಬಂದರೆ ಆರಲಿ." ಇಲ್ಲಿ ಎರಡು ಗುರುತು ಬೇಕು. ಒಂದೇ ಗುರುತಿಟ್ಟರೆ ಅದರ ಆಚೀಚೆ ದೀಪ ಹತ್ತಿ ಆರುತ್ತಲೇ ಇರುತ್ತದೆ. ಮುಂದೆ ಮೋಟಾರು ಜೋಡಿಸಿದಾಗ ಅದೂ ಹಾಗೆಯೇ ಕುಣಿದು ಸುಟ್ಟೀತು.

ಇನ್ನೊಂದು ಸಾಲನ್ನೂ ಮರೆಯದೆ ಬರೆಯಿರಿ: "ಅಂಕಿ ಅಳತೆ ಮೀರಿ ಬಂದರೆ ಸೆನ್ಸರ್ ಕೆಟ್ಟಿದೆ, ತಂತಿ ಕಡಿದಿದೆ ಎಂದು ತಿಳಿದು ಎಲ್ಲವನ್ನೂ ನಿಲ್ಲಿಸು."

ಬೇಕಾಗುವ ಸಾಮಾನು

ಆರ್ಡುಯಿನೊ ಉನೊ ಫಲಕ, ಕಂಪ್ಯೂಟರಿಗೆ ಜೋಡಿಸುವ ಕೇಬಲ್, ಮಣ್ಣಿನ ತೇವದ ಸೆನ್ಸರ್, ಜೋಡಣೆ ತಂತಿಗಳು, ಒಂದು ಎಲ್‌ಇಡಿ ದೀಪ, 220 ಓಮ್ ರೆಸಿಸ್ಟರ್, 5 ವೋಲ್ಟಿನ ಮೊಬೈಲ್ ಚಾರ್ಜರ್ ಮತ್ತು ಒಂದು ಮಲ್ಟಿಮೀಟರ್. ಸೆನ್ಸರಿನಲ್ಲಿ ಎರಡು ಬಗೆ. ಎರಡು ಹಲ್ಲಿನ ಬರಿಯ ಲೋಹದ್ದು ಅಗ್ಗ, ಆದರೆ ಹಸಿ ಮಣ್ಣಿನಲ್ಲಿ ವಿದ್ಯುತ್ ಹರಿದು ಬೇಗ ಸವೆಯುತ್ತದೆ. ಹೊದಿಕೆಯಿರುವ ಕೆಪ್ಯಾಸಿಟಿವ್ ಸೆನ್ಸರ್ ಕೊಳ್ಳಿರಿ. ಅದರ ಮೇಲ್ತುದಿಯ ಬಿಡಿಭಾಗಗಳಿಗೆ ನೀರು ತಾಗದಂತೆ ವಾರ್ನಿಷ್ ಬಳಿಯಿರಿ.

ನಿಮ್ಮ ಹೊಲದ ಅಂಕಿ ನೀವೇ ಕಂಡುಕೊಳ್ಳಿ

ಈ ಫಲಕ ತೇವವನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಕೆಪ್ಯಾಸಿಟಿವ್ ಸೆನ್ಸರಿನಲ್ಲಿ ತೇವ ಹೆಚ್ಚಿದಂತೆ ಅಂಕಿ ಇಳಿಯುತ್ತದೆ. ಆದರೆ ಒಬ್ಬರ ಅಂಕಿ ಇನ್ನೊಬ್ಬರಿಗೆ ಬಾರದು. ಬೀದರ ನಗರದ ಸುತ್ತಲಿನ ಜಂಬಿಟ್ಟಿಗೆ ಮಣ್ಣು ನೀರನ್ನು ಬೇಗ ಬಸಿಯುತ್ತದೆ. ಭಾಲ್ಕಿ, ಔರಾದ ಕಡೆಯ ಎರೆ ಮಣ್ಣು ನೀರು ಹಿಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ.

ನಿಮ್ಮ ಹೊಲದ ಮಣ್ಣನ್ನು ತಗಡಿನ ಮೇಲೆ ಹರಡಿ ಚೆನ್ನಾಗಿ ಒಣಗಿಸಿರಿ. ಅದನ್ನು ಡಬ್ಬಿಗೆ ತುಂಬಿ, ಸೆನ್ಸರ್ ಊರಿ, ಅಂಕಿ ಬರೆದುಕೊಳ್ಳಿ. ಅದೇ ಮಣ್ಣನ್ನು ತಳಕ್ಕೆ ತೂತಿರುವ ಡಬ್ಬಿಯಲ್ಲಿ ನೆನೆಸಿ, ಬಾಯಿ ಮುಚ್ಚಿ, ಎರಡು ದಿನ ಬಸಿಯಲು ಬಿಟ್ಟು ಮತ್ತೆ ಅಂಕಿ ತೆಗೆಯಿರಿ. ಇವೆರಡು ಅಳತೆಯ ಎರಡು ತುದಿಗಳು. ಬಳಿಕ ಹೊಲದಲ್ಲಿ, ಬೇರು ಇರುವ ಆಳಕ್ಕೆ ಗುಂಡಿ ತೋಡಿ ಸೆನ್ಸರ್ ಊರಿ, ಮಣ್ಣನ್ನು ಬಿಗಿಯಾಗಿ ಒತ್ತಿರಿ. ಪ್ರತಿದಿನ ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಸುಕಿ ನೋಡಿ, ಅದರ ಜೊತೆಗೇ ಅಂಕಿಯನ್ನೂ ಬರೆಯಿರಿ. ನೀರು ಬೇಕೆಂದು ನಿಮ್ಮ ಕೈ ಹೇಳಿದ ದಿನದ ಅಂಕಿಯೇ ಒಣಗಿದ ಗುರುತು.

ಎರೆ ಭೂಮಿಯವರು ಒಂದು ಎಚ್ಚರ ವಹಿಸಬೇಕು. ಬಿರುಕು ಸೆನ್ಸರಿನ ಪಕ್ಕದಲ್ಲೇ ಬಿಟ್ಟರೆ ಅದು ಮಣ್ಣನ್ನಲ್ಲ, ಗಾಳಿಯನ್ನು ಅಳೆಯುತ್ತದೆ. ಕೆಳಗೆ ತೇವವಿದ್ದರೂ ಒಣಗಿದೆ ಎನ್ನುತ್ತದೆ. ಆದ್ದರಿಂದ ಎರಡು ಕಡೆ ಸೆನ್ಸರ್ ಇಟ್ಟು ಹೋಲಿಸುವುದು ಒಳ್ಳೆಯದು.

ಜೀವಕ್ಕಿಂತ ಯಂತ್ರ ದೊಡ್ಡದಲ್ಲ

ಫಲಕದ ಕಡೆ ಇರುವುದು 5 ವೋಲ್ಟು; ಮೋಟಾರಿನ ಕಡೆ ಇರುವುದು ಸುಮಾರು 415 ವೋಲ್ಟು. 5 ಅಶ್ವಶಕ್ತಿಯ ಮೋಟಾರು ಓಡುವಾಗ ಸುಮಾರು 7 ಆಂಪಿಯರ್ ಎಳೆದರೂ ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. "10 ಆಂಪಿಯರ್" ಎಂದು ಬರೆದ ಸಣ್ಣ ರಿಲೇ ನಂಬಿ ಮೋಟಾರಿನ ತಂತಿಯನ್ನು ಅದಕ್ಕೆ ಕೊಡಬೇಡಿ. ರಿಲೇ ಸ್ಟಾರ್ಟರಿನ ಕಾಯಿಲಿಗೆ ಮಾತ್ರ ಸನ್ನೆ ಕೊಡಬೇಕು. ಆ ಜೋಡಣೆಯಲ್ಲೂ ಪೂರ್ಣ ವಿದ್ಯುತ್ ಇರುವುದರಿಂದ ಅದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿರಿ. ಅರ್ತಿಂಗ್ ತೆಗೆಯಬೇಡಿ. ಒಣ ಓಟ ತಡೆಯುವ ಸಾಧನವನ್ನೂ ತೆಗೆಯಬೇಡಿ.

ಈ ಹಂಗಾಮಿನಲ್ಲಿ ದೀಪದವರೆಗೆ ಮಾತ್ರ ಹೋಗಿರಿ. ದೀಪ ಹೇಳಿದ್ದಕ್ಕೂ ಕೈ ಹೇಳಿದ್ದಕ್ಕೂ ಹೊಂದಿಕೆ ಬಂದ ಮೇಲೆ ಮೋಟಾರಿನ ವಿಚಾರ. ಪ್ರೋಗ್ರಾಂ ಬರೆಯಲು ಬೀದರ, ಭಾಲ್ಕಿಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮೂರ ಮಕ್ಕಳನ್ನು ಕರೆಯಿರಿ. ಅವರಿಗೆ ಯಂತ್ರ ಗೊತ್ತು, ನಿಮಗೆ ಮಣ್ಣು ಗೊತ್ತು. ನೀವು ಬರೆದಿಟ್ಟ ಅಂಕಿಗಳ ಪುಸ್ತಕ ಇಲ್ಲದೆ ಅವರ ಪ್ರೋಗ್ರಾಂ ಕುರುಡು. ನಾಳೆಯೇ ಡಬ್ಬಿಯಲ್ಲಿ ಮಣ್ಣು ತುಂಬಿ ಕೆಲಸ ಪ್ರಾರಂಭಿಸಿರಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.