ರಜಾಕಾರ ಅನ್ನುವ ಪದ, ಲಾತೂರಿನ ವಕೀಲ



ಸೇಡಂ, ಚಿಂಚೋಳಿ ಕಡೆಯ ಹಳಬರು ವಯಸ್ಸು ಕೇಳಿದರೆ ಇಸವಿ ಹೇಳುತ್ತಿರಲಿಲ್ಲ. ‘ರಜಾಕಾರ್ ಗದ್ದಲದಾಗ ನಾ ಇಷ್ಟೆತ್ತರ ಇದ್ದೆ’ ಅಂತ ಕೈ ಮಾಡಿ ತೋರಿಸುತ್ತಿದ್ದರು. ಉರ್ದುವಿನಲ್ಲಿ ರಜಾಕಾರ ಎಂದರೆ ಸ್ವಯಂಸೇವಕ. ಇಷ್ಟು ಸಾಧು ಪದ ನಮ್ಮಲ್ಲಿ ಬೈಗುಳವಾಗಲು ಮುಖ್ಯ ಕಾರಣ ಒಬ್ಬ ವಕೀಲ.

ಆತ ಖಾಸಿಂ ರಜ್ವಿ. ಅಲಿಗಢದಲ್ಲಿ ಓದಿ, ಬೀದರಿನ ನೆರೆಯ ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ. ಹೈದರಾಬಾದ್ ಸಂಸ್ಥಾನದ ಮಜ್ಲಿಸ್ ಪಕ್ಷದ ದೊಡ್ಡ ಮಾತುಗಾರ ಬಹಾದ್ದೂರ್ ಯಾರ್ ಜಂಗ್ 1944ರಲ್ಲಿ ತೀರಿಕೊಂಡರು. 1946ರಲ್ಲಿ ಪಕ್ಷ, ಅದರ ಸ್ವಯಂಸೇವಕರಾದ ರಜಾಕಾರರ ಪಡೆ ಎರಡೂ ರಜ್ವಿಯ ಕೈಗೆ ಬಂದವು. ದೆಹಲಿಯ ಕೆಂಪುಕೋಟೆಯ ಮೇಲೆ ಸಂಸ್ಥಾನದ ದೊರೆ ನಿಜಾಮರ ಬಾವುಟ ಹಾರಿಸುವ ಮಾತಾಡಿದ. ವಕೀಲನಿಗೆ ನಾಲಿಗೆಯೇ ಬಂಡವಾಳ ನೋಡಿ. ಈತ ಅದರ ಜತೆಗೆ ಬಂದೂಕನ್ನೂ ಇಟ್ಟುಕೊಂಡ.

 ಮುಂಬಯಿ–ಮದ್ರಾಸ್ ರೈಲು ಹಳಿ ನಮ್ಮ ಶಹಾಬಾದ, ವಾಡಿಗಳ ಮೇಲೆ ಹಾಯುತ್ತದೆ. ಅದೇ ಹಳಿಯಲ್ಲಿ, ಕಲಬುರಗಿಯಾಚೆಯ ಗಾಣಗಾಪುರ ನಿಲ್ದಾಣದಲ್ಲಿ, 1948ರ ಮೇ 22ರಂದು ರಜಾಕಾರರು ರೈಲಿನ ಮೇಲೆ ಬಿದ್ದರು. ಅದೇ ತಿಂಗಳು ಬೀದರ ಜಿಲ್ಲೆಯ ಗೋರ್ಟಾದಲ್ಲಿ ಕೊಲೆಗಳಾದವು. ಅದೇ ಜಿಲ್ಲೆಯ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ತಾಯಿ, ಸಹೋದರಿಯನ್ನು ಕಳೆದುಕೊಂಡ ಹುಡುಗ ಮಲ್ಲಿಕಾರ್ಜುನ ಖರ್ಗೆ. ಅವರು ಮುಂದೆ, 2008ರಲ್ಲಿ, ಚಿತ್ತಾಪುರದಿಂದ ಶಾಸಕರಾದರು. ರಜಾಕಾರರನ್ನು ಟೀಕಿಸಿದ ‘ಇಮ್ರೋಜ್’ ಸಂಪಾದಕ ಶೋಯೆಬುಲ್ಲಾ ಖಾನ್ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಹತರಾದರು. ಅವರೂ ಮುಸಲ್ಮಾನರು; ಇದನ್ನು ಮರೆತು ಈ ಕಥೆ ಹೇಳುವವರೇ ಹೆಚ್ಚು.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸಂಸ್ಥಾನದ ಒಳಬಂತು, 17ಕ್ಕೆ ನಿಜಾಮರು ಸೋಲೊಪ್ಪಿದರು. ನಮ್ಮವರ ಬಾಯಲ್ಲಿ ಅದು ಪೊಲೀಸ್ ಆಕ್ಷನ್. ರಜ್ವಿ ಸೆರೆಯಾದ. ಬೀಬಿನಗರದ ಹಳ್ಳಿಗರ ಮೇಲಿನ ದಾಳಿಯ ಮೊಕದ್ದಮೆಯಲ್ಲಿ ಶಿಕ್ಷೆಯಾಯಿತು. ವಿಶೇಷ ನ್ಯಾಯಮಂಡಳಿ ತನ್ನನ್ನು ವಿಚಾರಿಸಿದ ರೀತಿಯೇ ಕಾನೂನಿಗೆ ಹೊರತು ಎಂದು ಸುಪ್ರೀಂ ಕೋರ್ಟಿನ ತನಕ ಹೋದ. 1953ರಲ್ಲಿ ಅಲ್ಲೂ ಸೋತ.

ಆದರೆ ಅವನ ಸಾಲ ತೀರಿಸಿದವರು ಬೇರೆಯವರು. ಸೈನ್ಯ ಬಂದ ಮೇಲೆ ಹಳ್ಳಿಹಳ್ಳಿಗಳಲ್ಲಿ ಮುಸಲ್ಮಾನರ ಕೊಲೆ, ಲೂಟಿ ನಡೆಯಿತು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿಯ ಅಂದಾಜಿನಲ್ಲಿ ಸಂಸ್ಥಾನದಲ್ಲೆಲ್ಲ ಸತ್ತವರು ಕನಿಷ್ಠ 27,000ದಿಂದ 40,000. ತೀರ ಕೆಟ್ಟ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ ಎರಡೂ ಇದ್ದವು.

ರಜ್ವಿ ಯರವಡಾ ಜೈಲಿನಿಂದ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. 1970ರ ಜನವರಿ 15ರಂದು ಕರಾಚಿಯಲ್ಲಿ ತೀರಿಕೊಂಡ. ಸುಂದರಲಾಲ್ ವರದಿ ಆಗಿನ್ನೂ ದೆಹಲಿಯ ಕಪಾಟಿನಲ್ಲೇ ಇತ್ತು. ಜನರ ಕಣ್ಣಿಗೆ ಬಿದ್ದದ್ದು 2013ರಲ್ಲಿ.