ಕ್ರಿಯಾಟಿನಿನ್: ಒಂದು ಅಳತೆಯ ಚರಿತ್ರೆ

ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ರಿಯಾಟಿನಿನ್ ಏರಿದೆಯೆಂದು ಕಂಡೊಡನೆ ಮನೆಮಂದಿಯೆಲ್ಲ ಕಳವಳಗೊಂಡು, ಅದನ್ನು ಇಳಿಸುವ ಬಗೆ ಯಾವುದೆಂದು ವಿಚಾರಿಸುವರು. ಏತಕ್ಕೆ ಏರಿತೆಂದು ಕೇಳುವವರು ವಿರಳ.

ಈ ದ್ರವ್ಯದ ಕಥೆ ಮಾಂಸದ ಸಾರಿನಿಂದ ಆರಂಭವಾಗುತ್ತದೆ. 1832ರಲ್ಲಿ ಫ್ರಾನ್ಸಿನ ಷೆವ್ರೂಲನು ಅದರಿಂದ ಕ್ರಿಯಾಟಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿದನು. 1847ರಲ್ಲಿ ಜರ್ಮನಿಯ ಲೀಬಿಗನು ಅದರಿಂದ ಜನಿಸುವ ಕ್ರಿಯಾಟಿನಿನ್ನನ್ನು ವರ್ಣಿಸಿದನು. ನಮ್ಮ ಸ್ನಾಯುಗಳಲ್ಲಿ ಸಂಚಿತವಾದ ಕ್ರಿಯಾಟಿನ್ನಿನಲ್ಲಿ ನೂರಕ್ಕೆ ಒಂದೆರಡು ಪಾಲು ಪ್ರತಿದಿನವೂ ತಾನಾಗಿ ಹೀಗೆ ಮಾರ್ಪಟ್ಟು, ರಕ್ತವನ್ನು ಸೇರಿ, ಮೂತ್ರಪಿಂಡಗಳ ಮಾರ್ಗವಾಗಿ ಹೊರಬೀಳುತ್ತದೆ. 1886ರಲ್ಲಿ ಯಾಫೆ ಎಂಬ ವಿದ್ವಾಂಸನು, ಕ್ಷಾರದ್ರವದಲ್ಲಿ ಪಿಕ್ರಿಕ್ ಆಮ್ಲದೊಡನೆ ಬೆರೆತಾಗ ಇದು ಕಿತ್ತಳೆಗೆಂಪಾಗುವುದನ್ನು ಕಂಡನು. ಫೋಲಿನ್ ಎಂಬುವನು 1904ರಲ್ಲಿ ಆ ಬಣ್ಣದ ಗಾಢತೆಯಿಂದಲೇ ಪ್ರಮಾಣವನ್ನು ನಿರ್ಣಯಿಸಿದನು. ಆ ವರ್ಣಕ್ರಿಯೆ ಇಂದಿಗೂ ಅನೇಕ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವುದು ನನಗೆ ಬಹು ಸೋಜಿಗದ ಸಂಗತಿ. 1926ರಲ್ಲಿ ಕೋಪನ್‌ಹೇಗನ್ನಿನ ರೇಬರ್ಗನು ಇದೇ ದ್ರವ್ಯದ ನೆರವಿನಿಂದ ಮೂತ್ರಪಿಂಡದ ಶೋಧನವೇಗವನ್ನು ಅಳೆದನು.

ಆದರೆ ಕ್ರಿಯಾಟಿನಿನ್ನಿನ ಅಳತೆಯನ್ನು ಅರಿತು ಓದಬೇಕು. ಮೂತ್ರಪಿಂಡಗಳ ಶೋಧನಶಕ್ತಿ ಅರ್ಧದಷ್ಟು ಕುಗ್ಗುವವರೆಗೂ ಅಂಕಿ ಸಹಜದ ಮೇರೆಯೊಳಗೇ ಇರಬಹುದು. ದೃಢಕಾಯನಾದ ಯುವಕನಲ್ಲಿ ನಿರಪಾಯಕರವಾದ ಪ್ರಮಾಣವೇ ಕೃಶಳಾದ ವೃದ್ಧೆಯಲ್ಲಿ ಗಂಭೀರ ರೋಗದ ಸೂಚನೆಯಾಗಬಹುದು. 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬುವರು ವಯಸ್ಸನ್ನೂ ತೂಕವನ್ನೂ ಗಣಿಸುವ ಸೂತ್ರವನ್ನು ರಚಿಸಿದುದು ಇದಕ್ಕಾಗಿಯೇ.

ಏರಿದುದು ಮತ್ತೆ ಇಳಿಯುವುದೇ? ವಾಂತಿಭೇದಿಯಿಂದ ದೇಹ ಬತ್ತಿದ್ದರೆ, ಕಲ್ಲೋ ಉಬ್ಬಿದ ಪ್ರಾಸ್ಟೇಟ್ ಗ್ರಂಥಿಯೋ ಮೂತ್ರದ ಹಾದಿಯನ್ನು ತಡೆದಿದ್ದರೆ, ನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗಿ ಮೂತ್ರಪಿಂಡ ನೊಂದಿದ್ದರೆ, ಕಾರಣವನ್ನು ಬೇಗನೆ ನಿವಾರಿಸಿದಲ್ಲಿ ಬಹುಮಟ್ಟಿಗೆ ಇಳಿಯುವುದುಂಟು. ಮಧುಮೇಹವೂ ರಕ್ತದೊತ್ತಡವೂ ವರ್ಷಾನುವರ್ಷ ಕೊರೆದು, ಶೋಧಕಗಳು ಗಡುಸಾದ ನಾರುಗಟ್ಟಿಗಳಾಗಿದ್ದರೆ, ನಷ್ಟವಾದುದು ಮರಳದು. ಆದರೂ ಉಳಿದುದನ್ನು ದೀರ್ಘಕಾಲ ಕಾಪಾಡಬಹುದು. ರಕ್ತದೊತ್ತಡಕ್ಕೆಂದು ಕೊಡುವ ಕ್ಯಾಪ್ಟೋಪ್ರಿಲ್ ಔಷಧವು ಮಧುಮೇಹಿಗಳ ಮೂತ್ರಪಿಂಡದ ಅವನತಿಯನ್ನು ನಿಧಾನಿಸುವುದೆಂದು 1993ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿಕೊಟ್ಟಿತು.

ಅಂಕಿ ಇಳಿದ ಮಾತ್ರಕ್ಕೆ ಗುಣವಾಯಿತೆನ್ನಲಾಗದು. ಊಟವನ್ನು ತೊರೆದು ಸ್ನಾಯು ಕರಗಿಸಿಕೊಂಡವನ ಅಂಕಿಯೂ ಇಳಿಯುತ್ತದೆ, ಮೂತ್ರಪಿಂಡ ಮಾತ್ರ ಕಿಂಚಿತ್ತೂ ಸುಧಾರಿಸಿರುವುದಿಲ್ಲ. ಆದುದರಿಂದ ವೈದ್ಯರ ಬಳಿಗೆ ಹೋಗುವಾಗ ಹಿಂದಿನ ವರ್ಷಗಳ ಚೀಟಿಗಳನ್ನೂ, ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿಮದ್ದುಗಳಿದ್ದರೆ ಅವನ್ನೂ ಮರೆಯದೆ ಜೊತೆಗೆ ಒಯ್ಯಿರಿ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ ಎಂದು ಪರೀಕ್ಷಿಸಲು ಕೇಳಿರಿ.